ಒಂದೇ ಅಂಕಿಯ ಮೋಹ

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ಹಿಮೋಗ್ಲೋಬಿನ್ ಎಂಬ ಒಂದೇ ಸಾಲಿಗೆ. ಡೆಸಿಲೀಟರಿಗೆ ಪುರುಷರಲ್ಲಿ 13, ಗರ್ಭಿಣಿಯರಲ್ಲದ ಸ್ತ್ರೀಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಡಿಮೆಯಾಯಿತೇ? ಕಬ್ಬಿಣದ ಟಾನಿಕ್ ಕುಡಿಯಿರಿ! ಅಲ್ಲಿಗೆ ವಿಚಾರ ಮುಗಿಯಿತು. ಈ ಅವಸರವನ್ನು ನಾನು ಒಪ್ಪಲಾರೆ.

ನನ್ನ ಅಕ್ಕನಿಗೆ ಎಂಟು ತಿಂಗಳು ಟಾನಿಕ್ ಕುಡಿಸಿದರು. ಅಂಗಾಲು ಜೋಮು ಹಿಡಿಯುತ್ತಿದೆ ಎಂದರೆ "ವಯಸ್ಸಾಯಿತಲ್ಲ" ಎಂಬ ಉತ್ತರ. ಮೊದಲ ವರದಿಯಲ್ಲೇ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 112 ಎಂದಿತ್ತು. ಇರಬೇಕಾದುದು 80ರಿಂದ 100. ಕಬ್ಬಿಣ ಸಾಲದಿದ್ದರೆ ಕಣ ಕುಗ್ಗುತ್ತದೆ. ಹಿಗ್ಗಿದ್ದರೆ ಬಿ12 ಅಥವಾ ಫೋಲೇಟ್ ಕೊರತೆಯನ್ನು ಶಂಕಿಸಬೇಕು. ಕೊನೆಗೆ ಬಿ12 ಚುಚ್ಚುಮದ್ದಿನಿಂದ ರಕ್ತ ಸುಧಾರಿಸಿತು. ಕಾಲಿನ ಜೋಮು ಪೂರ್ತಿ ಹೋಗಲಿಲ್ಲ.

ಎರಡೂ ಕೊರತೆಗಳು ಕೂಡಿದರೆ ಸರಾಸರಿ ಸರಿಯೆಂದೇ ತೋರೀತು. ಸರಾಸರಿ 50 ಅಂಕ ಬಂದ ತರಗತಿಯಲ್ಲೂ ಅರ್ಧದಷ್ಟು ಮಕ್ಕಳು ನಪಾಸಾಗಿರಬಹುದೆಂದು ಮೇಷ್ಟ್ರಿಗೆ ತಿಳಿದಿದೆ. ಗಾತ್ರದ ಏರುಪೇರನ್ನು ಹೇಳುವ ಆರ್‌ಡಿಡಬ್ಲ್ಯು ಎಂಬ ಸಾಲು ಅದಕ್ಕಾಗಿಯೇ ಇದೆ.

ಕಬ್ಬಿಣದ ಕೊರತೆಯೇ ಎಂದು ಖಚಿತವಾದರೂ ಪ್ರಶ್ನೆ ಉಳಿಯುತ್ತದೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ರಕ್ತ ಎಲ್ಲಿ ಸೋರುತ್ತಿದೆ? ಹೊಟ್ಟೆಯ ಹುಣ್ಣೋ, ಕರುಳಿನ ಕ್ಯಾನ್ಸರೋ? ಟಾನಿಕ್ ಅಂಕಿಯನ್ನು ಏರಿಸಿ ರೋಗವನ್ನು ಮುಚ್ಚಿಡಬಲ್ಲದು.

ವೈದ್ಯರ ಮುಂದೆ ಜನಸಂದಣಿ ಇದೆ, ನಿಜ. ಆದರೆ ವರದಿಯ ಇನ್ನೆರಡು ಸಾಲು ಓದಲು ಎಷ್ಟು ಹೊತ್ತು ಬೇಕು? ಶಿಷ್ಯರೇ, ಕ್ರಮ ತೋರಿಸದೆ ಉತ್ತರವನ್ನಷ್ಟೇ ಬರೆದವರಿಗೆ ನಾನು ಪೂರ್ಣ ಅಂಕ ಕೊಟ್ಟವನಲ್ಲ. ನೀವೂ ಕೊಡಬೇಡಿ. "ಕಾರಣವೇನು?" ಎಂದು ಕೇಳಿಯೇ ಎದ್ದು ಬನ್ನಿ.