ಸೊಲ್ಲಿಗೆ ಎದುರುಸೊಲ್ಲು

ದರೋಜಿಯ ಬುರ್ರಕಥಾ ಈರಮ್ಮನವರು ಕುಮಾರರಾಮನ ಕಥೆಯನ್ನು ಹಾಡುವಾಗ ಈ ಕ್ಷಣ ತಂದೆ ಕಂಪಿಲರಾಯನಾಗಿ, ಮರುಕ್ಷಣ ಮಲತಾಯಿ ರತ್ನಾಜಿಯಾಗಿ, ಮತ್ತೊಂದು ಗಳಿಗೆಯಲ್ಲಿ ನಿರಪರಾಧಿಯಾದ ಕುವರನಾಗಿ ನುಡಿಯಬೇಕಾಗುತ್ತಿತ್ತು. 2014ರಲ್ಲಿ ಕಾಲವಶರಾದ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯಿತ್ತು ಗೌರವಿಸಿದ ಆ ತಾಯಿ ಓದುಬರಹ ಕಲಿತವರಲ್ಲ; ಆದರೂ ಮಹಾಕಥನಗಳು ಅವರಿಗೆ ಕಂಠಸ್ಥವಾಗಿದ್ದುವು. ಅದು ಸೋಜಿಗವೇ ಸರಿ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಪಕ್ಕದಲ್ಲಿ ಬುರ್ರ ವಾದ್ಯವನ್ನು ಬಾರಿಸುತ್ತ, ಹೂಂಗುಟ್ಟುತ್ತ, ಸೊಲ್ಲಿಗೆ ಸೊಲ್ಲು ಸೇರಿಸುವ ಸಂಗಡಿಗರ ಕಾರ್ಯ. ಅವರಿಲ್ಲದೆ ಕಥೆ ಮುಂದೆ ಸಾಗದು.

ವಿದ್ಯಾರ್ಥಿಗಳು ಚಾಟ್‌ಬಾಟಿನೊಡನೆ ಪಾತ್ರಾಭಿನಯ ಮಾಡಿ ಅಭ್ಯಾಸ ಮಾಡಬಹುದೆಂಬ ವಿಚಾರ ಬಂದಾಗಲೆಲ್ಲ ಈ ಸಂಗಡಿಗರ ನೆನಪಾಗುತ್ತದೆ; ಅಲ್ಲಿಯೂ ಕಲಿಯುವವರ ಮಾತು ಸಾಗಲು ಎದುರುಸೊಲ್ಲು ಬೇಕಷ್ಟೆ. ವೈದ್ಯಶಿಕ್ಷಣದಲ್ಲಿ ಇಂಥ ಅಭ್ಯಾಸ ಹೊಸತಲ್ಲ. ಅಮೆರಿಕದ ಹೊವರ್ಡ್ ಬ್ಯಾರೋಸ್ ಎಂಬ ವೈದ್ಯರು 1963ರಲ್ಲಿಯೇ, ರೋಗಿಯಂತೆ ವರ್ತಿಸಲು ಕಲಿಸಿದವರನ್ನು ವಿದ್ಯಾರ್ಥಿಗಳ ಮುಂದೆ ಕೂರಿಸಿದ್ದರು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ 'ಎಲಿಜಾ' ಎಂಬ ಕಂಪ್ಯೂಟರ್ ಪ್ರೋಗ್ರಾಂ ಮನೋವೈದ್ಯನ ಪಾತ್ರ ವಹಿಸಿತ್ತು. ಈಗಿನ ಚಾಟ್‌ಬಾಟ್ ಯಂತ್ರವಾದರೋ ರೋಗಿಯೂ ಆಗಬಲ್ಲದು.

ನಮ್ಮ ಸೀಮೆಯ ಹಳ್ಳಿಯಿಂದ ಹೊಸಪೇಟೆಗೆ ಬಂದು ನರ್ಸಿಂಗ್ ಓದುವ, ನಾಲ್ಕು ಜನರೆದುರು ಬಾಯಿ ಬಿಡಲು ನಾಚುವ ಹುಡುಗಿಗೆ ಇದರಿಂದ ಆಗುವ ಉಪಕಾರ ಅಲ್ಪವಲ್ಲ. ತಡವರಿಸಿದರೆ ನಗುವವರಿಲ್ಲ, ತಪ್ಪಿದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಬಹುದು, ಹಾಸ್ಟೆಲಿನಲ್ಲಿ ದೀಪ ಆರುವವರೆಗೂ ಯಂತ್ರ ಬೇಸರಿಸದು. ಆದರೆ ಈ ಯಂತ್ರಕ್ಕೆ ಮೆಚ್ಚಿಸುವ ಚಾಳಿಯುಂಟು. ಒಂದು ಸಮಾಧಾನದ ಮಾತಿಗೇ 'ಧನ್ಯವಾದಗಳು, ಈಗ ನನಗೆ ಧೈರ್ಯ ಬಂದಿದೆ' ಎಂದು ಪುಸ್ತಕದ ಭಾಷೆಯಲ್ಲಿ ಒಪ್ಪಿಬಿಡುವ ರೋಗಿಯನ್ನು ಯಾವ ವಾರ್ಡಿನಲ್ಲಿ ಕಂಡೇವು? ಸಂಡೂರಿನ ಕಡೆಯಿಂದ ಬಂದ ಅಜ್ಜಿ 'ಏನ್ ಹೇಳಲೇ ಯವ್ವಾ, ಎದ್ಯಾಗ ಹಿಡಕಂಡಂಗಾಗೈತಿ' ಎಂದು ಸುಮ್ಮನಾಗುತ್ತಾಳೆ. ನಾಟಿ ಔಷಧ ಕುಡಿದುದನ್ನು ಮುಚ್ಚಿಡುತ್ತಾಳೆ. ಸೂಜಿ ಬೇಡವೆಂದು ಮುಖ ತಿರುಗಿಸುತ್ತಾಳೆ. ಆ ಮೌನದ ಬೀಗವನ್ನು ತೆರೆಯುವುದೇ ಕಲಿಯಬೇಕಾದ ವಿದ್ಯೆ.

ಆದುದರಿಂದ ಪಾತ್ರವನ್ನು ರಚಿಸತಕ್ಕವರು, ವಾರ್ಡುಗಳಲ್ಲಿ ವರ್ಷಗಟ್ಟಲೆ ದುಡಿದ ನಮ್ಮ ಅಧ್ಯಾಪಿಕೆಯರೇ ಹೊರತು ಯಂತ್ರವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಸುಲಭವಾಗಿ ಒಪ್ಪಬೇಡ, ಕೇಳಿದಷ್ಟನ್ನೇ ಹೇಳು, ಗದರಿದರೆ ಮಾತು ನಿಲ್ಲಿಸು, ಕೊನೆಗೆ ತಪ್ಪುಗಳನ್ನು ಎತ್ತಿ ತೋರಿಸು ಎಂದು ಅವರು ಮೊದಲೇ ವಿಧಿಸಬೇಕು. ಸಂಭಾಷಣೆ ಮುಗಿದ ಬಳಿಕ ವಿದ್ಯಾರ್ಥಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲುಸಾಲಾಗಿ ಓದಿ, ಯಂತ್ರ ತೋರಿದ ತಪ್ಪು ನಿಜಕ್ಕೂ ತಪ್ಪೇ ಎಂಬುದನ್ನೂ ಪರೀಕ್ಷಿಸಬೇಕು. ತರುವಾಯ ಸಹಪಾಠಿಗಳೇ ರೋಗಿಗಳಾಗಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸಂದರ್ಶನಕ್ಕೆ ಸಿದ್ಧನಾಗುವ ಡಿಪ್ಲೊಮಾ ಹುಡುಗನಿಗೂ, ಹಂಪಿಯಲ್ಲಿ ಗೈಡ್ ಆಗಬಯಸುವವನಿಗೂ ಕ್ರಮ ಇದೇ.

ಹೊಸಪೇಟೆ, ಬಳ್ಳಾರಿಗಳ ಕಾಲೇಜುಗಳು ನಮ್ಮ ಜನರ ಮಾತಿನಲ್ಲಿಯೇ ಇಂಥ ಪಾತ್ರಗಳನ್ನು ಬರೆಸಲು ಈ ವರ್ಷವೇ ತೊಡಗಲಿ; ಆದರೆ ನಿಜವಾದ ರೋಗಿಯ ಹೆಸರು, ಊರು, ಕಾಯಿಲೆಯ ವಿವರಗಳು ಯಾವ ಕಾರಣಕ್ಕೂ ಆ ಯಂತ್ರಕ್ಕೆ ಸಲ್ಲಕೂಡದು.