ಬೆರಳಿಗೆ ಬಣ್ಣ ಹತ್ತಿದರೆ ತಲೆಗೆ ಅಕ್ಷರ ಹತ್ತುವುದಿಲ್ಲವೇ?

ಕಾಸರಗೋಡಿನ ವಿದ್ಯಾನಗರದಲ್ಲಿ ಮಕ್ಕಳ ಓದಿನ ಬಗ್ಗೆ ಅಭಿಪ್ರಾಯ ಇಲ್ಲದವರು ಸಿಗುವುದು ಕಷ್ಟ. ಸಿವಿಲ್ ಸ್ಟೇಷನ್ ಇಲ್ಲೇ, 1957ರಲ್ಲಿ ಶುರುವಾದ ಸರಕಾರಿ ಕಾಲೇಜೂ ಇಲ್ಲೇ. ಅಂಗನವಾಡಿಯಿಂದಲೋ ನರ್ಸರಿಯಿಂದಲೋ ಮೂರು ವರ್ಷದ ಮಗು ಮೊಣಕೈವರೆಗೂ ಬಣ್ಣ ಬಳಿದುಕೊಂಡು ಮನೆಗೆ ಬಂದರೆ ಸಾಕು, ಆಕ್ಷೇಪಗಳು ಸಾಲಾಗಿ ನಿಲ್ಲುತ್ತವೆ. ಅವುಗಳಲ್ಲಿ ಹುರುಳಿಲ್ಲದವೂ ಇವೆ, ತೂಕದವೂ ಇವೆ.

ಎಲ್ಲಕ್ಕಿಂತ ಜೋರಾಗಿ ಕೇಳುವುದು ಇದು: ಅಕ್ಷರ ತಿದ್ದಿಸಬೇಕಾದ ಹೊತ್ತಿನಲ್ಲಿ ಬಣ್ಣ ಮೆತ್ತಿಸಿದರೆ ಹೇಗೆ? ಮಲಯಾಳ, ಇಂಗ್ಲಿಷುಗಳ ನಡುವೆ ನಮ್ಮ ಮಕ್ಕಳಿಗೆ ಕನ್ನಡಕ್ಕೆ ಸಿಗುವ ಸಮಯವೇ ಕಡಿಮೆ. ಈ ಅಳಲು ಸುಳ್ಳಲ್ಲ. ಕಾಸರಗೋಡಿನ ಕನ್ನಡಿಗರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ವಿಜಯದಶಮಿಯ ದಿನ ಮಧೂರಿನಂಥ ದೇವಸ್ಥಾನಕ್ಕೆ ಮಗುವನ್ನು ಎತ್ತಿಕೊಂಡು ಹೋಗಿ ಇದೇ ಹೆತ್ತವರು ಏನು ಮಾಡಿಸುತ್ತಾರೆ? ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುತ್ತಾರೆ. ಕೈಗೆ ಪೆನ್ಸಿಲ್ ಕೊಡುವುದಿಲ್ಲ. ನಮ್ಮ ಅಜ್ಜಂದಿರು ಹೊಯ್ಗೆಯಲ್ಲಿ ಬೆರಳಾಡಿಸಿಯೇ ಅಕ್ಷರ ಕಲಿತರು. ಅದಕ್ಕೆ ದೇಹದಲ್ಲೇ ಕಾರಣವಿದೆ. ಮಣಿಕಟ್ಟಿನ ಎಂಟು ಚಿಕ್ಕ ಎಲುಬುಗಳು ಹುಟ್ಟುವಾಗ ಬರೀ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗಲು ವರ್ಷಗಳೇ ಬೇಕು. ಮೂರರ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು ಹಟದಿಂದಲ್ಲ, ಆ ಕೈಗೆ ಸದ್ಯ ಆಗುವುದು ಅಷ್ಟೇ. ದೊಡ್ಡ ಕಾಗದದ ಮೇಲೆ ತೋಳಿನಿಂದ ಸುತ್ತು ಎಳೆಯುವುದು ಅದಕ್ಕೆ ಸಾಧ್ಯ. ನಾಲ್ಕು ಗೆರೆಯ ಕಾಪಿಯಲ್ಲಿ ‘ಅ’ ಕೂರಿಸುವುದು ಸಾಧ್ಯವಿಲ್ಲ. ಬೆರಳುಚಿತ್ರ ಬಿಡಿಸಿದವರ ಅಕ್ಷರ ಮುಂದೆ ದುಂಡಗಾಗುತ್ತದೆ ಎಂದು ನಾನು ಆಣೆ ಇಡಲಾರೆ. ಕೆಡುತ್ತದೆ ಎಂಬುದಕ್ಕಂತೂ ಆಧಾರವಿಲ್ಲ. ಮಾತು ಬೆಳೆಯುವುದೂ ಅಲ್ಲೇ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಆಡುವ ಮಕ್ಕಳು ಒಂದೇ ಹಾಳೆಯ ಸುತ್ತ ಕೂತಾಗ ‘ಕೆಂಪು ಕೊಡು’, ‘ನನ್ನದು ಅಳಿಸಬೇಡ’ ಎಂಬ ಕನ್ನಡ ತಾನಾಗಿ ಬಾಯಿಗೆ ಬರುತ್ತದೆ. ಕಾಪಿ ತಿದ್ದುವ ಮಗು ಯಾರೊಡನೆ ಮಾತಾಡುತ್ತದೆ?

ಎರಡನೆಯದು, ಬಣ್ಣ ಬಾಯಿಗೆ ಹೋಗುತ್ತದೆ, ವಿಷ. ಇದನ್ನು ತಳ್ಳಿಹಾಕುವ ಟೀಚರ್ ಇದ್ದರೆ ತಪ್ಪು ಟೀಚರಿನದೇ. ದೊಡ್ಡ ಮಕ್ಕಳ ಪೋಸ್ಟರ್ ಕಲರ್, ಹೋಳಿ ಪುಡಿ, ಗೋಡೆಯ ಪೇಂಟಿನ ತಳ ಇವುಗಳನ್ನು ಹತ್ತಿರ ತರಲೇಬಾರದು. ಬೆರಳುಬಣ್ಣವೆಂದೇ ಮಾರುವುದಕ್ಕೆ ನಿಯಮವಿದೆ: ಆಟಿಕೆಗಳ ಸುರಕ್ಷತೆಯ ಐಎಸ್ 9873 ಮಾನದಂಡದ ಏಳನೆಯ ಭಾಗ ಅದಕ್ಕೇ ಮೀಸಲು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಯುರೋಪಿನಲ್ಲಂತೂ ಮಗು ಎರಡನೆಯ ಸಲ ನೆಕ್ಕದಿರಲೆಂದು ಬೆರಳುಬಣ್ಣಕ್ಕೆ ಕಹಿ ಬೆರೆಸಲೇಬೇಕು. ಇಷ್ಟಾದರೂ ನಂಬಿಕೆ ಬಾರದಿದ್ದರೆ ಅಡುಗೆಮನೆ ಇದೆ. ಮೈದಾವನ್ನು ನೀರಿನಲ್ಲಿ ಕದಡಿ ಕಾಯಿಸಿ ಗಂಜಿಯಂತೆ ಮಾಡಿ, ಆರಿದ ಮೇಲೆ ಅರಶಿನ, ಬೀಟ್ರೂಟ್ ರಸ, ಬಸಳೆ ಹಣ್ಣಿನ ನೇರಳೆ ರಸ ಬೇರೆಬೇರೆಯಾಗಿ ಕಲಸಿದರೆ ಮೂರು ಬಣ್ಣ ಸಿದ್ಧ. ನಮ್ಮ ಸೆಕೆಗೆ ಬೇಗ ಹಳಸುತ್ತದೆ, ಅಂದಂದೇ ಮಾಡಬೇಕು. ಒಂದು ಎಚ್ಚರಿಕೆ: ಆರತಿಯ ಕುರ್ದಿನೀರಿನ ಹಾಗೆ ಅರಶಿನಕ್ಕೆ ಸುಣ್ಣ ಹಾಕಿ ಕೆಂಪು ಮಾಡುವ ಉಪಾಯ ಮಕ್ಕಳ ಬಳಿ ಬೇಡ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ.

ಮೈದಾ ಎಂದ ಕೂಡಲೇ ಮೂರನೆಯ ಆಕ್ಷೇಪ ಬರುತ್ತದೆ, ಅನ್ನವನ್ನು ಹೀಗೆ ಹಾಳು ಮಾಡಬಹುದೇ ಎಂದು. ಅಂಗನವಾಡಿಯ ಮಕ್ಕಳ ಪಾಲಿನ ಅಕ್ಕಿಗೆ ಕೈ ಹಾಕಬಾರದು, ಒಪ್ಪಿದೆ. ಉಳಿದಂತೆ, ರಂಗೋಲಿಯ ಅಕ್ಕಿಹಿಟ್ಟು ಇರುವೆಗೆ, ಯಕ್ಷಗಾನದ ಬಣ್ಣದ ವೇಷದ ಚಿಟ್ಟಿಗೆ ಬಳಸಿದ ಅಕ್ಕಿಹಿಟ್ಟು ಬೆಳಗಿನ ಜಾವ ನೀರಿಗೆ. ಚುನಾವಣೆ ಬಂದಾಗ ಇಡೀ ಕೇರಳದ ಗೋಡೆಗಳಿಗೆ ಪೋಸ್ಟರು ಅಂಟಿಸುವುದು ಯಾವುದರಿಂದ? ಆ ಮೈದಾದ ಬಗ್ಗೆ ಯಾರೂ ತಕರಾರು ಎತ್ತಿದ್ದನ್ನು ನಾನು ಕೇಳಿಲ್ಲ.

ಬಟ್ಟೆ ಕೊಳೆಯಾಗುತ್ತದೆ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಅಪ್ಪನ ಹಳೆ ಶರ್ಟನ್ನು ಹಿಂದುಮುಂದಾಗಿ ತೊಡಿಸಿ. ಆಟಿಯ ಮಳೆಯಲ್ಲಿ ಒಗೆದದ್ದು ಒಣಗುವುದಿಲ್ಲ ಎಂಬುದು ಮಾತ್ರ ಸರಿಯಾದ ಮಾತು. ಆ ತಿಂಗಳು ಬಿಟ್ಟುಬಿಡಿ.

ಇನ್ನು, ‘ಇದೆಲ್ಲ ಫಾರಿನ್ ಚಾಳಿ’. ರೋಮಿನಲ್ಲಿ ಶಾಲೆ ನಡೆಸುತ್ತಿದ್ದ ಅಮೆರಿಕದ ರೂತ್ ಫೈಸನ್ ಶಾ ಇದನ್ನು ಶಾಲೆಯ ಪಾಠವಾಗಿ ರೂಪಿಸಿ 1934ರಲ್ಲಿ ಪುಸ್ತಕ ಬರೆದದ್ದು ನಿಜ. ಆದರೆ ಬೆರಳು ಆಕೆಯ ಸೊತ್ತಲ್ಲ. ಚೀನಾದ ಗಾವೊ ಚೀಪೈ ಮುನ್ನೂರು ವರ್ಷದ ಹಿಂದೆಯೇ ಬೆರಳು, ಉಗುರುಗಳಿಂದ ಚಿತ್ರ ಬರೆದು ಹೆಸರಾದವನು. ಫ್ರಾನ್ಸಿನ ರೂಫಿನ್ಯಾಕ್ ಗುಹೆಯ ಮೆದು ಗೋಡೆಯಲ್ಲಿ ಸಾವಿರಾರು ವರ್ಷಗಳ ಹಿಂದೆ ಎಳೆದ ಬೆರಳಗೆರೆಗಳಲ್ಲಿ ಕೆಲವು ಪುಟ್ಟ ಮಕ್ಕಳವು ಎಂದು ಅಗಲ ಅಳೆದವರು ಹೇಳಿದ್ದಾರೆ. ಅಷ್ಟು ದೂರ ಯಾಕೆ, ಯಾವುದಾದರೂ ಮೇಳದ ಚೌಕಿಗೆ ಹೋಗಿ ನೋಡಿ: ಮುಖಕ್ಕೆ ಮೊದಲ ಬಣ್ಣ ಹತ್ತುವುದು ಅಂಗೈಯಿಂದ, ಕಡ್ಡಿ ಆಮೇಲೆ.

ಕೊನೆಯದಾಗಿ, ನೀವು ಹೇಳದೆ ಬಿಟ್ಟ ಆಕ್ಷೇಪವೊಂದನ್ನು ನಾನೇ ಹೇಳುತ್ತೇನೆ. ಮಗುವಿನ ಕೈಯನ್ನು ಟೀಚರೇ ಹಿಡಿದು ಬಣ್ಣಕ್ಕೆ ಒತ್ತಿ, ಮೂವತ್ತು ಮಕ್ಕಳಿಂದ ಮೂವತ್ತು ಒಂದೇ ನಮೂನೆಯ ನವಿಲು ಮಾಡಿಸಿ, ವಾಟ್ಸಪ್ಪಿಗೆ ಫೋಟೋ ಹಾಕುವ ಪದ್ಧತಿ ಇದೆ. ಅದರಲ್ಲಿ ಮಗುವಿನದು ಅಂಗೈ ಮಾತ್ರ. ಅದನ್ನು ನಿಲ್ಲಿಸಿ ಎಂದು ಮುಂದಿನ ಪಿಟಿಎ ಸಭೆಯಲ್ಲಿ ನೀವು ಎದ್ದು ಹೇಳಿದರೆ ನಾನೂ ಕೈ ಎತ್ತುತ್ತೇನೆ. ಬಣ್ಣವನ್ನೇ ನಿಲ್ಲಿಸಿ ಎಂದರೆ ಎತ್ತುವುದಿಲ್ಲ.