ಸಗಣಿ ಮೆತ್ತಿದ ಕೈಗೂ ಒಗ್ಗುವ ಗಡಿಯಾರ

ತಾಳವಾಡಿ ಬೆಟ್ಟಸೀಮೆಯ ಗುಮ್ಮಟಾಪುರದ ಗೊರೆಹಬ್ಬದ ಬಗ್ಗೆ ನಮ್ಮಲ್ಲಿ ಹಲವರು ಕೇಳಿದ್ದೇವೆ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದರೂ ಅದು ಕನ್ನಡ ಮಾತಿನ ಊರು. ದೀಪಾವಳಿ ಮುಗಿಯುತ್ತಿದ್ದಂತೆ ದನಕರುಗಳಿರುವ ಮನೆಗಳಿಂದ ಸಗಣಿ ತಂದು ಬೀರೇಶ್ವರ ಗುಡಿಯ ಬಳಿ ರಾಶಿ ಹಾಕುತ್ತಾರೆ. ಪೂಜೆಯಾದ ಮೇಲೆ ಗಂಡಸರು, ಹುಡುಗರು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ನೋಡಲು ಹೊರ ಊರುಗಳಿಂದಲೂ ಜನ ಸೇರುತ್ತಾರೆ.

ಈಗ ನಮ್ಮ ಯುವಕರ ಕೈಯಲ್ಲಿ ಸ್ಮಾರ್ಟ್‌ವಾಚ್ ಬಂದಿದೆ. ಇಂಥ ಜನಸಂದಣಿಯಲ್ಲಿ ಅದು ಎಷ್ಟರ ಮಟ್ಟಿಗೆ ನೆರವಾದೀತು? ಬೆರಳು ತಗುಲಿದಾಗ ವಿದ್ಯುತ್ತಿನಲ್ಲಾಗುವ ಸಣ್ಣ ಬದಲಾವಣೆಯನ್ನು ಅದರ ಗಾಜು ಗುರುತಿಸುತ್ತದೆ. ಗಾಜು ಒದ್ದೆಯಾದರೆ ಲೆಕ್ಕ ತಪ್ಪುತ್ತದೆ. ಸಗಣಿ ಮೆತ್ತಿದರೆ ಕೇಳುವುದೇ ಬೇಡ! ಆಪಲ್ ಸಂಸ್ಥೆ 2016ರಲ್ಲಿ, ನೀರಿಗಿಳಿದಾಗ ಗಾಜಿಗೆ ಬೀಗ ಹಾಕಿ, ಪಕ್ಕದ ತಿರುಪನ್ನು ತಿರುಗಿಸಿ ತೆರೆಯುವ ಏರ್ಪಾಡನ್ನು ತನ್ನ ವಾಚಿಗೆ ತಂದಿತು.

ಆದ್ದರಿಂದ ಜಾತ್ರೆ, ಸಂಗೀತ ಕಛೇರಿ, ಕ್ರಿಕೆಟ್ ಪಂದ್ಯಕ್ಕೆ ಹೋಗುವವರಿಗಾಗಿ ವಾಚಿನ ಪರದೆ ರೂಪಿಸುವವರು ಗೊರೆಹಬ್ಬವನ್ನೇ ಪರೀಕ್ಷೆಯೆಂದು ತಿಳಿಯಲಿ. ಗುಂಪಿನಲ್ಲಿರುವವನಿಗೆ ಬೇಕಾದದ್ದು ಮೂರೇ ಸಂಗತಿ: ಮುಂದೆ ಏನು ನಡೆಯುತ್ತದೆ, ನಮ್ಮವರು ಎಲ್ಲಿದ್ದಾರೆ, ಹೊರಗೆ ಹೋಗುವ ದಾರಿ ಯಾವುದು. ಒಂದು ಸಲಕ್ಕೆ ಒಂದೇ ಸಂಗತಿ, ದಪ್ಪ ಅಕ್ಷರದಲ್ಲಿ ಕಾಣಲಿ. ತುರ್ತು ಸೂಚನೆಯನ್ನು ಮಣಿಕಟ್ಟಿನ ಮೇಲಿನ ಕಂಪನವೇ ತಿಳಿಸಲಿ. ಗದ್ದಲದಲ್ಲಿ ಗಂಟೆ ಕೇಳಿಸದು. ಸಹಾಯ ಬೇಡಲು ಒತ್ತುವ ಗುಂಡಿ ಇರಲಿ. ಸಾವಿರಾರು ಜನ ಒಮ್ಮೆಗೇ ಫೋನ್ ಬಳಸಿದರೆ ನೆಟ್‌ವರ್ಕ್ ಸೋಲುತ್ತದೆ. ದಾರಿಯ ನಕ್ಷೆ ಮೊದಲೇ ವಾಚಿನೊಳಗೆ ಇರಬೇಕು. ಹೀಗಾದರೆ ನಮ್ಮ ಕಣ್ಣು ಪರದೆಗೆ ಅಂಟದೆ ಹಬ್ಬದ ಮೇಲೆ, ಮಕ್ಕಳ ಮೇಲೆ ಉಳಿಯುತ್ತದೆ.

ಆದರೆ ಹೊರಗಿನವರು ಹೇಳಿದ್ದನ್ನಷ್ಟೇ ವಾಚು ನಮಗೆ ಮುಟ್ಟಿಸಬಲ್ಲದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟರು. ಯಾವ ಬಾಗಿಲು ತೆರೆದಿದೆ, ಎಲ್ಲಿ ನೂಕುನುಗ್ಗಲಿದೆ ಎಂಬುದನ್ನು ಏರ್ಪಡಿಸಿದವರು ಸಕಾಲದಲ್ಲಿ ತಿಳಿಸದಿದ್ದರೆ ಎಷ್ಟು ಬೆಲೆಯ ವಾಚಾದರೂ ಮೂಕವೇ.

ಹಬ್ಬಕ್ಕೆ ಹೊರಡುವ ಮುನ್ನ ಮನೆಯವರೆಲ್ಲ ಕೂತು ಒಂದು ಮಾತು ಗೊತ್ತುಮಾಡಿಕೊಳ್ಳೋಣ: ತಪ್ಪಿಸಿಕೊಂಡರೆ ಯಾವ ಮರದ ಕೆಳಗೆ, ಯಾವ ಅಂಗಡಿಯ ಮುಂದೆ ಸೇರುವುದು? ಚಿಕ್ಕ ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡೋಣ. ಅದಕ್ಕೆ ಚಾರ್ಜೂ ಬೇಡ, ನೆಟ್‌ವರ್ಕೂ ಬೇಡ.